ಕರೆಯ ದನಿಯಲ್ಲಿ ಭಾವನೆ ಗುರುತಿಸುವ ಸಾಫ್ಟ್‌ವೇರ್: ಕಾವಿನ ಗೆರೆ ಇರಲಿ, ಹೆಸರಿನ ಚೀಟಿ ಬೇಡ

ರೋಗಿಗಳ ಸಹಾಯವಾಣಿಯೊಂದರಲ್ಲಿ ಕರೆಗಳ ರೆಕಾರ್ಡಿಂಗ್ ಕೇಳಿ ಗುಣಮಟ್ಟ ನೋಡುವುದು ನನ್ನ ಕೆಲಸ. ಆಸ್ಪತ್ರೆಯಿಂದ ಮನೆಗೆ ಹೋದವರು, ಅವರನ್ನು ನೋಡಿಕೊಳ್ಳುವವರು ಫೋನ್ ಮಾಡುತ್ತಾರೆ. ಮಾತ್ರೆ ಯಾವಾಗ ತಗೊಳ್ಳಬೇಕು, ಹೊಲಿಗೆ ಹಾಕಿದ ಕಡೆ ನೋವು ಜಾಸ್ತಿಯಾಗಿದೆ, ಬಿಲ್ಲಿನಲ್ಲಿ ಇದೇನು ಬಂದಿದೆ, ಹೀಗೆ. ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಕರೆ ಬರುತ್ತವೆ. ಎಲ್ಲವನ್ನೂ ಕೂತು ಕೇಳುವಷ್ಟು ಜನ ನಮ್ಮಲ್ಲಿಲ್ಲ. ಅದಕ್ಕೇ ಮೇಲಿನವರು ಒಂದು ಸೇವೆ ತರಿಸಿದರು. ಕರೆ ಮಾಡಿದವರ ದನಿ ಕೇಳಿ, ಅವರ ಭಾವನೆ ಏನು ಅಂತ ಅದು ತಾನೇ ಹೇಳುತ್ತದೆ.

ಕಂಪನಿಯ ಹೆಸರು ಬರೆಯುತ್ತಿಲ್ಲ. ಇಂಥ ಸೇವೆಗಳು ಈಗ ಬಹಳ ಇವೆ, ಒಳಗಿನ ಕೆಲಸ ಹೆಚ್ಚೂ ಕಡಿಮೆ ಒಂದೇ ರೀತಿ. ಕೊಳ್ಳುವ ಯೋಚನೆ ಇರುವವರಿಗೆ ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಕರೆಯಲ್ಲಿ ಕಾವು ಎಷ್ಟು ಏರಿತು, ಎಲ್ಲಿ ಇಳಿಯಿತು ಎಂದು ತೋರಿಸುವ ಗೆರೆ ಚೆನ್ನಾಗಿದೆ, ಇಟ್ಟುಕೊಳ್ಳಿ. ಅದರ ಪಕ್ಕದಲ್ಲಿ ‘ಕೋಪ’, ‘ದುಃಖ’, ‘ಸಂತೋಷ’ ಅಂತ ಬರುವ ಹೆಸರನ್ನು ನಂಬಿ ಯಾವ ತೀರ್ಮಾನಕ್ಕೂ ಹೋಗಬೇಡಿ. ಕರೆ ಎತ್ತುವ ನಿಮ್ಮ ಏಜೆಂಟ್‌ಗಳ ಅಂಕಕ್ಕೆ ಇದನ್ನು ಜೋಡಿಸಲೇಬೇಡಿ.

ಬಳಸುವುದು ಸುಲಭ. ಕರೆ ಮುಗಿದ ಸ್ವಲ್ಪ ಹೊತ್ತಿಗೆ ಡ್ಯಾಶ್‌ಬೋರ್ಡಿನಲ್ಲಿ ಒಂದು ಸಾಲು ಬರುತ್ತದೆ. ಕೆಂಪು, ಹಸಿರು, ಬೂದು ಬಣ್ಣ. ಒಂದು ಭಾವನೆಯ ಹೆಸರು. ಒತ್ತಿದರೆ ಇಡೀ ಕರೆಯ ಗೆರೆ, ಕೆಳಗೆ ಮಾತಿನ ಬರಹ. ಗೆರೆಯ ಮೇಲೆ ಎಲ್ಲಿ ಮುಟ್ಟಿದರೂ ರೆಕಾರ್ಡಿಂಗ್ ಅಲ್ಲಿಂದಲೇ ಶುರುವಾಗುತ್ತದೆ. ಈ ಒಂದು ಸೌಲಭ್ಯಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಉದ್ದದ ಕರೆಯಲ್ಲಿ ಜಗಳ ಹುಟ್ಟಿದ ಜಾಗಕ್ಕೆ ನೇರವಾಗಿ ಹೋಗಬಹುದು.

ತೊಂದರೆ ಇರುವುದು ಹೆಸರಿನಲ್ಲಿ.

ಒಂದು ಕರೆ ಉದಾಹರಣೆಗೆ ಹೇಳುತ್ತೇನೆ. ಪಟ್ಟಿಯ ಮೇಲ್ತುದಿಯಲ್ಲಿ ಕಡುಕೆಂಪಾಗಿ ಬಂದಿತ್ತು. ಹೆಸರು ‘ಕೋಪ’. ಟೀಮ್ ಲೀಡ್ ಗಾಬರಿಯಾಗಿ ನನಗೆ ಕಳಿಸಿದರು. ಕೇಳಿದರೆ, ಒಬ್ಬ ತಂದೆ ಕೂಗುತ್ತಿದ್ದಾರೆ. ಆಪರೇಷನ್ ಆದ ಮಗಳು ಬೆಳಿಗ್ಗೆ ಎದ್ದು ತಾನೇ ನಡೆದಳಂತೆ. ‘ನಡೆದ್ಲು ಮೇಡಂ, ಯಾರೂ ಹಿಡ್ಕೊಳ್ಲಿಲ್ಲ, ಅವಳೇ ನಡೆದ್ಲು!’ ಎಂದು ಏಜೆಂಟ್‌ಗೆ ಮತ್ತೆ ಮತ್ತೆ ಹೇಳುತ್ತಿದ್ದಾರೆ. ದನಿ ಒಡೆಯುವಷ್ಟು ಜೋರು. ಆ ಕರೆಯಲ್ಲಿ ಕೋಪದ ಸುಳಿವೂ ಇರಲಿಲ್ಲ.

ಇದು ಅಪರೂಪದ ತಪ್ಪಲ್ಲ. ಇಂಥ ಯಂತ್ರಗಳು ಹೇಗೆ ಕೆಲಸ ಮಾಡುತ್ತವೆ ಎಂದು ನೋಡಿದರೆ ಕಾರಣ ಗೊತ್ತಾಗುತ್ತದೆ. ದನಿಯ ಸ್ವರ ಎಷ್ಟು ಮೇಲಿದೆ, ಎಷ್ಟು ಏರಿಳಿಯುತ್ತಿದೆ, ಎಷ್ಟು ಜೋರು, ಮಾತು ಎಷ್ಟು ವೇಗ, ನಡುವೆ ಎಷ್ಟು ಮೌನ, ಗಂಟಲಿನಲ್ಲಿ ನಡುಕ ಇದೆಯಾ, ಇಂಥವೇ ಅದರ ಕೈಗೆ ಸಿಗುವ ಗುರುತುಗಳು. ಮನಶ್ಶಾಸ್ತ್ರಜ್ಞ ಜೇಮ್ಸ್ ರಸೆಲ್ 1980ರಲ್ಲಿ ಭಾವನೆಗಳನ್ನು ಎರಡು ಗೆರೆಗಳ ಮೇಲೆ ಇಟ್ಟು ತೋರಿಸಿದ್ದರು. ಒಂದು, ಮನಸ್ಸು ಎಷ್ಟು ಕೆರಳಿದೆ ಅಥವಾ ತಣ್ಣಗಿದೆ. ಇನ್ನೊಂದು, ಅದು ಹಿತವಾ, ಅಹಿತವಾ. ದನಿಯಿಂದ ಮೊದಲನೆಯದು ಚೆನ್ನಾಗಿ ಸಿಗುತ್ತದೆ. ಎರಡನೆಯದು ಕಷ್ಟ. ಈ ಕ್ಷೇತ್ರದಲ್ಲಿ ಕೆಲಸ ಮಾಡುವ ಬಹಳಷ್ಟು ಜನ ಒಪ್ಪುವ ಮಾತು ಇದು. ಕಡು ಕೋಪವೂ ಉಕ್ಕುವ ಖುಷಿಯೂ ಸ್ವರ, ಜೋರು, ವೇಗದ ಲೆಕ್ಕದಲ್ಲಿ ಅಕ್ಕಪಕ್ಕವೇ ಕೂರುತ್ತವೆ. ಆ ತಂದೆ ಕೆರಳಿದ್ದರು, ಹೌದು. ಅಷ್ಟನ್ನು ಹೇಳಿ ಯಂತ್ರ ಸುಮ್ಮನಾಗಿದ್ದರೆ ಸರಿಯಿತ್ತು.

ಆದರೆ ನನ್ನನ್ನು ನಿಜವಾಗಿ ಚಿಂತೆಗೆ ಹಚ್ಚಿದ್ದು ಪಟ್ಟಿಯ ಕೆಳಗಿನ ತುದಿ. ಬೂದು ಬಣ್ಣದ, ‘ತಟಸ್ಥ’ ಎಂದು ಬರೆದ ಕರೆಗಳು. ಒಬ್ಬ ಹೆಂಗಸು ತುಂಬ ಸಣ್ಣ ದನಿಯಲ್ಲಿ, ಒಂದೇ ಸಮನೆ, ಏರಿಳಿತವೇ ಇಲ್ಲದೆ ಮಾತಾಡುತ್ತಾರೆ. ‘ತೊಂದ್ರೆ ಕೊಡ್ತಿದೀನೇನೋ. ನಮ್ಮೆಜಮಾನ್ರಿಗೆ ನಿನ್ನೆಯಿಂದ ಮೂತ್ರ ಆಗಿಲ್ಲ. ಕೇಳೋಣ ಅಂತ ಮಾಡ್ದೆ.’ ಅಷ್ಟೇ. ನಮ್ಮ ಏಜೆಂಟ್ ಕೂಡಲೇ ಕರೆಯನ್ನು ನರ್ಸ್‌ಗೆ ಕೊಟ್ಟರು, ಹಾಗಾಗಿ ಎಲ್ಲ ಸರಿಹೋಯಿತು. ಅದನ್ನು ಮಾಡಿದ್ದು ಮನುಷ್ಯರ ಕಿವಿ. ಯಂತ್ರಕ್ಕೆ ಆ ಕರೆಯಲ್ಲಿ ಏನೂ ಕೇಳಿಸಿರಲಿಲ್ಲ. ಭಯ ಮಿತಿಮೀರಿದಾಗ ಎಷ್ಟೋ ಜನರ ದನಿ ಚಪ್ಪಟೆಯಾಗುತ್ತದೆ. ಸಂಕೋಚದವರು, ಬಹಳ ದಿನದಿಂದ ರೋಗಿಯನ್ನು ನೋಡಿಕೊಂಡು ದಣಿದವರು, ಡಾಕ್ಟರ ಎದುರು ದನಿ ಎತ್ತಬಾರದು ಅಂತ ಬೆಳೆದವರು, ಇವರೆಲ್ಲ ಬೂದು ಬಣ್ಣದಲ್ಲಿ ಬರುತ್ತಾರೆ. ಕೆಂಪು ಮೇಲೆ, ಬೂದು ಕೆಳಗೆ ಅಂತ ಪಟ್ಟಿ ಜೋಡಿಸಿದರೆ ಏನಾಗುತ್ತದೆ? ಕೂಗಿದವರಿಗೆ ಗಮನ, ಕೂಗದವರಿಗೆ ಇಲ್ಲ. ರೋಗಿಗಳ ಸಹಾಯವಾಣಿಯಲ್ಲಿ ಇದು ಸಣ್ಣ ಕುಂದಲ್ಲ.

ಇನ್ನು ಭಾಷೆಗಳ ವಿಷಯ. ಕಂಪನಿಯವರು ಡೆಮೊ ಕೊಡಲು ಬಂದಾಗ ನಾನು ಕೇಳಿದೆ, ‘ಸರ್, ನಿಮ್ಮ ಪರೀಕ್ಷೆಯಲ್ಲಿ ಕನ್ನಡದ ಫೋನ್ ಕರೆ ಎಷ್ಟಿದ್ದವು?’ ಅವರು ಸೌಜನ್ಯದಿಂದಲೇ ಹೇಳಿದರು, ‘ಮೇಡಂ, ನಮ್ಮ ಮಾಡೆಲ್ ಭಾಷೆ ನೋಡೋದೇ ಇಲ್ಲ, ದನಿ ಮಾತ್ರ ನೋಡುತ್ತೆ. ಭಾವನೆ ಎಲ್ಲ ಕಡೆ ಒಂದೇ ಅಲ್ವಾ?’

ಈ ಮಾತಿನಲ್ಲಿ ಸ್ವಲ್ಪ ನಿಜ ಇದೆ, ಅದನ್ನೂ ಹೇಳಬೇಕು. ಡಿಸಾ ಸೌಟರ್ ಮತ್ತು ಜೊತೆಗಾರರು 2010ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಇಂಗ್ಲಿಷ್ ಮಾತಾಡುವವರಿಗೆ ನಮೀಬಿಯಾದ ಹಿಂಬಾ ಜನರ ದನಿಗಳನ್ನೂ, ಹಿಂಬಾ ಜನರಿಗೆ ಇಂಗ್ಲಿಷರ ದನಿಗಳನ್ನೂ ಕೇಳಿಸಿದರು. ಮಾತಲ್ಲ, ಬರೀ ಉದ್ಗಾರ. ಭಯ, ಕೋಪ, ಅಸಹ್ಯ, ದುಃಖದ ಸದ್ದುಗಳನ್ನು ಎರಡೂ ಕಡೆಯವರು ಗುರುತಿಸಿದರು. ನಗುವನ್ನೂ ಗುರುತಿಸಿದರು. ಹಿತದ ಭಾವನೆಗಳಲ್ಲಿ ಉಳಿದವು ಮಾತ್ರ ಹಾಗೆ ದಾಟಲಿಲ್ಲ. ನಮ್ಮ ಸಾಫ್ಟ್‌ವೇರ್ ಕೂಡ ಹೀಗೇ. ಬಿಕ್ಕಿ ಅಳುವುದು, ಜೋರಾಗಿ ನಗುವುದು ಯಾವ ಭಾಷೆಯ ಕರೆಯಲ್ಲಿದ್ದರೂ ಹಿಡಿಯುತ್ತದೆ. ಆದರೆ ಫೋನ್ ಮಾಡಿದವರು ಮಾತಾಡುವುದೇ ಹೆಚ್ಚು. ಆ ಮಾತಿನ ನಡೆಗೆ ಊರೂ ಇದೆ, ಭಾಷೆಯೂ ಇದೆ, ವಯಸ್ಸೂ ಇದೆ.

ಹಿಲರಿ ಎಲ್ಫೆನ್‌ಬೈನ್ ಮತ್ತು ನಳಿನಿ ಅಂಬಾಡಿ 2002ರಲ್ಲಿ ಆವರೆಗಿನ ಅಧ್ಯಯನಗಳನ್ನು ಒಟ್ಟಿಗೆ ಹಾಕಿ ನೋಡಿದ್ದರು. ಭಾವನೆಗಳು ಸಂಸ್ಕೃತಿ ದಾಟಿ ತಕ್ಕಮಟ್ಟಿಗೆ ಅರ್ಥವಾಗುತ್ತವೆ, ಆದರೆ ತಮ್ಮವರದ್ದು ಜನರಿಗೆ ಇನ್ನೂ ಚೆನ್ನಾಗಿ ತಿಳಿಯುತ್ತದೆ ಎಂದು ಅವರು ಕಂಡುಕೊಂಡರು. ಒಡನಾಟ ಜಾಸ್ತಿ ಇರುವ ಗುಂಪುಗಳ ನಡುವೆ ಈ ವ್ಯತ್ಯಾಸ ಕಡಿಮೆ. ಒಡನಾಟವನ್ನು ಅಳೆಯಲು ಅವರು ನೋಡಿದ ಸಂಗತಿಗಳಲ್ಲಿ ಎರಡು ಕಡೆಗಳ ನಡುವಿನ ಟೆಲಿಫೋನ್ ಸಂಪರ್ಕವೂ ಒಂದು. ದಿನವಿಡೀ ಬೇರೆ ಭಾಷೆಯವರ ಕರೆ ಕೇಳುವ ನನಗೆ ಇದು ಪೂರ್ತಿ ಒಪ್ಪಿಗೆ. ಕೇಳಿ ಕೇಳಿ ಕಿವಿ ಪಳಗುತ್ತದೆ. ಯಂತ್ರವೂ ಪಳಗಬಹುದು. ಆದರೆ ಯಾರ ದನಿ ಕೇಳಿ ಪಳಗಿದೆ ಎಂಬುದು ಮುಖ್ಯ.

ಯಾರ ದನಿ? ಯಂತ್ರಕ್ಕೆ ಕಲಿಸಲು ಈ ಕ್ಷೇತ್ರದಲ್ಲಿ ಬಹಳ ಬಳಕೆಯಾದ ದನಿ ಸಂಗ್ರಹಗಳನ್ನು ನೋಡಿ. ಬರ್ಲಿನ್‌ನ ಎಮೋ-ಡಿಬಿ 2005ರಲ್ಲಿ ಹೊರಬಂತು. 10 ಜನ ನಟನಟಿಯರು ಜರ್ಮನ್ ಭಾಷೆಯ 10 ವಾಕ್ಯಗಳನ್ನು ಬೇರೆ ಬೇರೆ ಭಾವನೆಯಲ್ಲಿ ಹೇಳಿದ್ದು. ಆಮೇಲೆ ಆ ದನಿಗಳನ್ನು ಕೇಳುಗರಿಗೆ ಕೇಳಿಸಿ, ಶೇ 80ಕ್ಕಿಂತ ಜಾಸ್ತಿ ಸರಿಯಾಗಿ ಗುರುತಿಸಿದವನ್ನು, ಸಹಜವಾಗಿದೆ ಎನಿಸಿದವನ್ನು ಮಾತ್ರ ಉಳಿಸಿಕೊಂಡರು. ಅಂದರೆ ಗೊಂದಲ ಹುಟ್ಟಿಸುವ ದನಿಗಳನ್ನು ಮೊದಲೇ ತೆಗೆದು ಹಾಕಿದ್ದಾಯಿತು. ನನ್ನ ಕೆಲಸವೆಲ್ಲ ಇರುವುದೇ ಆ ಗೊಂದಲದ ದನಿಗಳಲ್ಲಿ! 2018ರ ರಾವ್ಡೆಸ್ ಸಂಗ್ರಹದಲ್ಲಿ ಉತ್ತರ ಅಮೆರಿಕದ ಉಚ್ಚಾರದ 24 ನಟರು ಹೇಳುವುದು ಎರಡೇ ವಾಕ್ಯ. ಎಲ್ಲವೂ ಸ್ಟುಡಿಯೋ ಧ್ವನಿಮುದ್ರಣ. ಹಳೆಯ ಮಾದರಿಯ ಫೋನ್ ಲೈನ್ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ದನಿಯನ್ನಷ್ಟೇ ದಾಟಿಸುತ್ತದೆ. ನಡುವೆ ಗಾಳಿ, ಬಸ್ಸಿನ ಹಾರನ್, ಮಗುವಿನ ಅಳು. ಅಲ್ಲಿ ಕಲಿತದ್ದು ಇಲ್ಲಿ ಹಾಗೇ ನಡೆಯುವುದಿಲ್ಲ. ಒಂದು ಸಂಗ್ರಹದಲ್ಲಿ ಕಲಿತ ಮಾಡೆಲ್ಲನ್ನು ಇನ್ನೊಂದರ ಮೇಲೆ ಪರೀಕ್ಷಿಸಿದರೆ ಅಂಕ ಕುಸಿಯುವುದು ಈ ಕ್ಷೇತ್ರದ ಹಳೆಯ ಸಮಸ್ಯೆ.

ಇತ್ತೀಚಿನ ದೊಡ್ಡ ಮಾಡೆಲ್‌ಗಳ ಕಥೆ ಬೇರೆ ಎಂದು ಕಂಪನಿಯವರು ಹೇಳುತ್ತಾರೆ. ಅರ್ಧ ಸರಿ. 2021ರ ಎಕ್ಸ್‌ಎಲ್‌ಎಸ್-ಆರ್ ಎಂಬ ಮಾಡೆಲ್ 128 ಭಾಷೆಗಳ ಮಾತು ಕೇಳಿ ಕಲಿತಿದೆ. ಭಾಷೆಗಳ ಸದ್ದು ಅದಕ್ಕೆ ಪರಿಚಯ. ಆದರೆ ಈ ಸದ್ದು ಕೋಪ, ಈ ಸದ್ದು ಬೇಸರ ಎಂದು ಅಂಥ ಮಾಡೆಲ್‌ಗೆ ಆಮೇಲೆ ಮನುಷ್ಯರೇ ಹೇಳಿಕೊಡಬೇಕು. ಆ ಪಾಠಕ್ಕೆ ಬಳಸುವ ದನಿಗಳು ಕೆಲವೇ ಭಾಷೆಗಳಲ್ಲಿ ಧಾರಾಳವಾಗಿವೆ. ಕನ್ನಡದಂಥ ಭಾಷೆಗಳಲ್ಲಿ ಕಡಿಮೆ.

ಇದರ ಪರಿಣಾಮ ದಿನವೂ ಕಾಣುತ್ತದೆ. ನಮ್ಮ ಲೈನ್‌ಗಳಲ್ಲಿ ಒಂದು ಭಾಷೆಯವರು ಸುಮ್ನೆ ವಿಳಾಸ ಹೇಳಿದರೂ ಕೆಂಪು ಬರುತ್ತಿತ್ತು. ಅವರ ಮಾತು ಸಹಜವಾಗೇ ವೇಗ, ದನಿ ದೊಡ್ಡದು. ಕಿವಿ ಮಂದವಾದ ಹಿರಿಯರು ತಮಗೆ ಕೇಳಿಸಲಿ ಅಂತ ಕೂಗಿ ಮಾತಾಡುತ್ತಾರೆ, ಅವರೆಲ್ಲ ‘ಕೋಪ’. ಸ್ವರದ ಏರಿಳಿತವೇ ಪದದ ಅರ್ಥ ಬದಲಿಸುವ ಭಾಷೆಗಳೂ ಇವೆ. ಚೀನಾದ ಮ್ಯಾಂಡರಿನ್‌ನಲ್ಲಿ ಅಂಥ 4 ಸ್ವರಗಳಿವೆ. ಅಲ್ಲಿ ಏರಿದ ದನಿ ಭಾವನೆಯದೋ, ಪದದ್ದೇ ಭಾಗವೋ ಎಂದು ಬಿಡಿಸುವುದು ಇನ್ನೂ ಕಷ್ಟ.

ಇದಕ್ಕೆ ಒಂದು ಒಳ್ಳೆಯ ಮದ್ದು ಈ ಸಾಫ್ಟ್‌ವೇರ್‌ನ ಒಳಗೇ ಇದೆ. ಸೆಟ್ಟಿಂಗ್‌ನ ಮೂಲೆಯಲ್ಲಿ, ಮಾತಾಡುವವರನ್ನು ಅವರದೇ ಮೊದಲ ಕೆಲವು ಮಾತುಗಳ ಜೊತೆ ಹೋಲಿಸುವ ಆಯ್ಕೆ. ಅದನ್ನು ಆನ್ ಮಾಡಿದರೆ ಎಲ್ಲ ಭಾಷೆಗೂ ಒಂದೇ ಅಳತೆಗೋಲು ಇರುವುದಿಲ್ಲ. ಹೆಸರು, ಫೋನ್ ನಂಬರ್ ಹೇಳುವಾಗ ಈ ಮನುಷ್ಯರ ದನಿ ಹೇಗಿತ್ತು, ಈಗ ಎಷ್ಟು ಬದಲಾಯಿತು ಎಂದಷ್ಟೇ ನೋಡುತ್ತದೆ. ನಮ್ಮಲ್ಲಿ ಇದನ್ನು ಹಾಕಿದ ಮೇಲೆ ಸುಳ್ಳು ಕೆಂಪು ಚೆನ್ನಾಗಿ ಇಳಿಯಿತು. ಹಿರಿಯರ ಕರೆಗಳು ಬೂದು ಬಣ್ಣಕ್ಕೆ ಬಂದವು. ಕರೆಯ ಶುರುವಿನಲ್ಲೇ ಕೂಗಿಕೊಂಡು ಬರುವವರ ವಿಷಯದಲ್ಲಿ ಮಾತ್ರ ಇದು ಸೋಲುತ್ತದೆ. ಆದರೂ ಇದಕ್ಕಿಂತ ಉಪಯೋಗದ ಗುಂಡಿ ಬೇರೊಂದಿಲ್ಲ. ಕಂಪನಿಯವರು ಇದನ್ನು ಮೊದಲಿನಿಂದಲೇ ಆನ್ ಮಾಡಿ ಕೊಡಬೇಕಿತ್ತು.

ಬರಹದ ಭಾಗಕ್ಕೆ ನಾನು ಕೊಡುವ ಅಂಕ ಕಡಿಮೆ. ಮಾತನ್ನು ಬರಹ ಮಾಡಿ, ಅದನ್ನು ಇಂಗ್ಲಿಷ್‌ಗೆ ತಿರುಗಿಸಿ, ಆಮೇಲೆ ಭಾವನೆ ಹುಡುಕುತ್ತದೆ. ಎರಡು ಸಲ ಸೋರಿದ ಮೇಲೆ ಉಳಿದದ್ದನ್ನು ನೋಡುವ ಕೆಲಸ. ಬಿಲ್ಲಿಗಾಗಿ ಹಲವು ಸಲ ಫೋನ್ ಮಾಡಿ ಸೋತ ಒಬ್ಬರು ಕೊನೆಗೆ ‘ಆಯ್ತು ಬಿಡಿ, ನೀವು ಹೇಳ್ದಂಗೇ ಆಗ್ಲಿ’ ಎಂದು ಫೋನ್ ಇಟ್ಟರು. ಸಾಫ್ಟ್‌ವೇರ್ ‘ಸಮ್ಮತಿ’ ಎಂದು ಹಸಿರು ಹಾಕಿತು. ಕನ್ನಡ ಬಲ್ಲ ಯಾರಿಗಾದರೂ ಅಲ್ಲಿ ಒಬ್ಬ ಮನುಷ್ಯ ಕೈಚೆಲ್ಲಿದ್ದು ಕೇಳಿಸುತ್ತದೆ. ಹಿಂದಿನ ಕರೆಗಳೂ ಅವರದೇ ಖಾತೆಯಲ್ಲಿ ಇದ್ದವು. ಯಂತ್ರ ಅವನ್ನು ನೋಡುವುದೇ ಇಲ್ಲ, ಪ್ರತಿ ಕರೆಯೂ ಅದಕ್ಕೆ ಹೊಸದು. ಬರಹದಿಂದ ಭಾವನೆ ಓದಲು ಹೆಸರಾದ ಗೋಎಮೋಷನ್ಸ್ ಎಂಬ 2020ರ ಇಂಗ್ಲಿಷ್ ಸಂಗ್ರಹದಲ್ಲಿ ರೆಡಿಟ್ ಎಂಬ ಚರ್ಚೆಯ ತಾಣದ ಸುಮಾರು 58 ಸಾವಿರ ಕಾಮೆಂಟ್‌ಗಳಿವೆ, 27 ಭಾವನೆಗಳ ಹೆಸರುಗಳಿವೆ. ಹೆಸರು ಎಷ್ಟೇ ಹೆಚ್ಚಿಸಿದರೂ, ಇಂಟರ್ನೆಟ್ಟಿನಲ್ಲಿ ವಾದ ಮಾಡುವವರ ಬರಹ ಒಂದು, ನರ್ಸ್ ಹತ್ತಿರ ಸಹಾಯ ಕೇಳುವವರ ಮಾತು ಇನ್ನೊಂದು.

ವಿಡಿಯೊ ಕರೆಗೆ ಮುಖ ನೋಡುವ ಭಾಗವೂ ಇದೆ. ನಾವು ಅದನ್ನು ತೆಗೆದುಕೊಳ್ಳಲಿಲ್ಲ, ನೀವೂ ಬಿಡಿ. ಇದರ ಹಿಂದಿರುವುದು ಮನಶ್ಶಾಸ್ತ್ರಜ್ಞ ಪಾಲ್ ಎಕ್ಮನ್ ಅವರ ವಿಚಾರ. 1960ರ ದಶಕದ ಕೊನೆಯಲ್ಲಿ ಅವರು ಪಾಪುವಾ ನ್ಯೂಗಿನಿಯ ಫೋರೆ ಜನರ ನಡುವೆ ಕೆಲಸ ಮಾಡಿ, ಕೆಲವು ಭಾವನೆಗಳ ಮುಖಚಹರೆ ಎಲ್ಲೆಡೆ ಒಂದೇ ಎಂದರು. ಆಮೇಲೆ ಬಂದ ಕೆಲಸ ಅಷ್ಟು ಸರಳವಾಗಿಲ್ಲ. ಅದೇ ದೇಶದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಕಾರ್ಲೋಸ್ ಕ್ರಿವೆಲ್ಲಿ ಮತ್ತು ಜೊತೆಗಾರರು ಕಣ್ಣು ಬಾಯಿ ಅಗಲಿಸಿದ ‘ಭಯದ’ ಮುಖ ತೋರಿಸಿದರೆ, ಅಲ್ಲಿನವರು ಅದನ್ನು ಕೋಪ, ಬೆದರಿಕೆ ಎಂದು ಓದಿದರು. ಅದು 2016ರಲ್ಲಿ ಪ್ರಕಟವಾಯಿತು. 2019ರಲ್ಲಿ ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಇತರ ನಾಲ್ವರು ದೊಡ್ಡ ವಿಮರ್ಶೆಯೊಂದನ್ನು ಬರೆದು, ಮುಖ ಗಂಟಿಕ್ಕಿದ ಮಾತ್ರಕ್ಕೆ ಕೋಪ ಎಂದು ಹೇಳಲಾಗದು ಎಂದರು. ಮೈಕ್ರೋಸಾಫ್ಟ್ ಕೂಡ 2022ರಲ್ಲಿ ತನ್ನ ಮುಖ ಗುರುತಿಸುವ ಸೇವೆಯಿಂದ ಭಾವನೆ ಊಹಿಸುವ ಭಾಗವನ್ನು ತೆಗೆಯುವುದಾಗಿ ಹೇಳಿತು. ಇಷ್ಟಾದ ಮೇಲೂ ಅದನ್ನು ಕೊಳ್ಳಲು ಕಾರಣ ಕಾಣುವುದಿಲ್ಲ.

ಏಜೆಂಟ್‌ಗಳ ಅಂಕದ ವಿಷಯ ನನಗೆ ಹೆಚ್ಚು ನೋವು ಕೊಟ್ಟದ್ದು. ಕೆಲವು ಕಾಲ ನಮ್ಮಲ್ಲಿ ಏಜೆಂಟ್ ದನಿಯನ್ನೂ ಇದೇ ಯಂತ್ರಕ್ಕೆ ಕೊಟ್ಟು, ‘ಹಿತವಾದ ದನಿ’ಗೆ ಅಂಕ ಇಟ್ಟಿದ್ದರು. ಜನ ಬೇಗ ಕಲಿತುಬಿಟ್ಟರು. ಸ್ವರ ಎತ್ತಿ, ಎಲ್ಲ ವಾಕ್ಯದ ಕೊನೆಯನ್ನೂ ತುಸು ಎಳೆದು ಮಾತಾಡಿದರೆ ಹಸಿರು ಬರುತ್ತದೆ. ತಾಯಿ ತೀರಿಕೊಂಡರು, ಮುಂದಿನ ಭೇಟಿ ರದ್ದು ಮಾಡಿ ಎಂದು ಒಬ್ಬ ಮಗ ಫೋನ್ ಮಾಡಿದಾಗಲೂ ನಮ್ಮ ಹುಡುಗಿಯೊಬ್ಬಳು ಅದೇ ಎತ್ತಿದ ದನಿಯಲ್ಲೇ ಉತ್ತರ ಕೊಟ್ಟಳು. ಕರೆಗೆ ಒಳ್ಳೆಯ ಅಂಕವೇ ಬಂತು. ಅವಳು ಒರಟು ಹುಡುಗಿ ಅಲ್ಲ. ಇನ್ನೊಬ್ಬರ ಜೊತೆ ಅತ್ತುಬಿಡುವಷ್ಟು ಮೃದು. ಯಂತ್ರದ ಅಂಕ ಅವಳ ದನಿಯನ್ನು ಹಾಗೆ ಮಾಡಿತ್ತು. ಆ ರೆಕಾರ್ಡಿಂಗ್ ಹಿಡಿದುಕೊಂಡು ನಾವು ಕೆಲವರು ಮಾತಾಡಿದ ಮೇಲೆ ಅಂಕ ನಿಂತಿತು.

ಯುರೋಪಿಯನ್ ಒಕ್ಕೂಟದಲ್ಲಿ ಇದಕ್ಕೆ ಕಾನೂನೇ ಬಂದಿದೆ. ಅಲ್ಲಿನ ಕೃತಕ ಬುದ್ಧಿಮತ್ತೆ ಕಾನೂನಿನ ಪ್ರಕಾರ 2025ರ ಫೆಬ್ರವರಿ 2ರಿಂದ ಕೆಲಸದ ಜಾಗದಲ್ಲಿ, ಶಿಕ್ಷಣ ಸಂಸ್ಥೆಗಳಲ್ಲಿ ಜನರ ಮುಖ, ದನಿಯಂಥ ದೇಹದ ಗುರುತುಗಳಿಂದ ಭಾವನೆ ಊಹಿಸುವ ವ್ಯವಸ್ಥೆ ಬಳಸುವಂತಿಲ್ಲ. ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳಿಗೆ ಮಾತ್ರ ವಿನಾಯಿತಿ. ಮೀರಿದರೆ 3.5 ಕೋಟಿ ಯೂರೋವರೆಗೆ, ಅಥವಾ ಜಾಗತಿಕ ವಹಿವಾಟಿನ ಶೇ 7ರವರೆಗೆ, ಯಾವುದು ಹೆಚ್ಚೋ ಅಷ್ಟು ದಂಡ. ಗ್ರಾಹಕರ ಭಾವನೆ ಓದುವುದಕ್ಕೆ ಅಲ್ಲಿ ಪೂರ್ತಿ ನಿಷೇಧ ಇಲ್ಲ, ಆದರೆ ಹಾಗೆ ಮಾಡುತ್ತಿದ್ದರೆ ಅವರಿಗೆ ತಿಳಿಸಬೇಕು ಎಂಬ ನಿಯಮ ಆ ಕಾನೂನಿನಲ್ಲಿದೆ. ನಮ್ಮ ಕರೆಯ ಶುರುವಿನಲ್ಲಿ ರೆಕಾರ್ಡ್ ಆಗುತ್ತಿದೆ ಎಂದಷ್ಟೇ ಹೇಳುತ್ತಾರೆ. ದನಿಯಿಂದ ಭಾವನೆ ಅಳೆಯುತ್ತೇವೆ ಎಂದೂ ಸೇರಿಸಿ ಅಂತ ನಾನು ಕೇಳುತ್ತಲೇ ಇದ್ದೇನೆ. ಕಾಯಿಲೆಯವರ ದನಿ ಅದು, ಅವರಿಗೆ ಗೊತ್ತಿರಬೇಕು.

ಕೊಳ್ಳುವ ಮುಂಚೆ ಕಂಪನಿ ತೋರಿಸುವ ಒಟ್ಟು ನಿಖರತೆಯ ಶೇಕಡಾವಾರಿಗೆ ಮರುಳಾಗಬೇಡಿ. ಹೆಚ್ಚಿನ ಕರೆಗಳು ತಟಸ್ಥವೇ ಇರುತ್ತವೆ. ಎಲ್ಲಕ್ಕೂ ‘ತಟಸ್ಥ’ ಎಂದು ಹೇಳುವ ಯಂತ್ರಕ್ಕೂ ಒಳ್ಳೆಯ ಶೇಕಡಾ ಬಂದುಬಿಡುತ್ತದೆ. ಈ ಮೋಸ ಗೊತ್ತಿದ್ದೇ 2009ರಲ್ಲಿ ಮಾತಿನ ತಂತ್ರಜ್ಞಾನದ ಇಂಟರ್‌ಸ್ಪೀಚ್ ಸಮ್ಮೇಳನದ ಸ್ಪರ್ಧೆಯಲ್ಲಿ ಪ್ರತಿ ಭಾವನೆಯನ್ನೂ ಬೇರೆಯಾಗಿ ಅಳೆದು, ಸಮವಾಗಿ ಸರಾಸರಿ ತೆಗೆದಿದ್ದರು. ಅಲ್ಲಿ ಬಳಸಿದ್ದು ನಟನೆಯ ದನಿಯಲ್ಲ. ಜರ್ಮನಿಯ 51 ಮಕ್ಕಳು ನಾಯಿಯಂಥ ಐಬೊ ರೋಬೋಟ್ ಜೊತೆ ಆಡುವಾಗಿನ ಸಹಜ ಮಾತು. ಅದನ್ನು 5 ಗುಂಪುಗಳಾಗಿ ವಿಂಗಡಿಸುವುದರಲ್ಲಿ ಸಂಘಟಕರು ಇಟ್ಟ, ಸ್ಪರ್ಧಿಗಳು ದಾಟಬೇಕಿದ್ದ ಆರಂಭದ ಮಟ್ಟ ಶೇ 38.2 ಮಾತ್ರ! ಅಂದಿನಿಂದ ತಂತ್ರಜ್ಞಾನ ಬಹಳ ಮುಂದೆ ಬಂದಿದೆ. ಆದರೂ ಸಹಜ ಮಾತಿನಲ್ಲಿ ಭಾವನೆ ಹಿಡಿಯುವುದು ಎಷ್ಟು ಕಷ್ಟ ಎಂಬುದು ಆ ಅಂಕಿಯಲ್ಲಿ ಕಾಣುತ್ತದೆ.

ನೀವೇ ಒಂದು ಸಣ್ಣ ಪರೀಕ್ಷೆ ಮಾಡಬಹುದು. ನಿಮ್ಮದೇ ಹಳೆಯ ಕರೆಗಳನ್ನು ತೆಗೆದುಕೊಂಡು, ಆ ಭಾಷೆ ಮನೆಮಾತಾದ ಇಬ್ಬರಿಗೆ ಬೇರೆ ಬೇರೆಯಾಗಿ ಕೇಳಿಸಿ. ಭಾವನೆ ಏನು ಅಂತ ಬರೆಯಲಿ. ನಾವು ಮಾಡಿದಾಗ ನಾನೂ ನನ್ನ ಸಹೋದ್ಯೋಗಿಯೂ ಎಷ್ಟೋ ಕರೆಗಳಲ್ಲಿ ಒಪ್ಪಲಿಲ್ಲ. ನನಗೆ ದಣಿವು ಕೇಳಿಸಿದ ಕಡೆ ಅವರಿಗೆ ಮುನಿಸು ಕೇಳಿಸಿತ್ತು. ಕುಳಿತು ಮಾತಾಡಿದಾಗ ಎರಡೂ ಇದ್ದವು ಅನ್ನಿಸಿತು. ಅದೇ ಭಾಷೆಯ ಇಬ್ಬರು ಮನುಷ್ಯರು ಒಪ್ಪದ ಕರೆಗೆ ಯಂತ್ರ ಒಂದೇ ಹೆಸರು ಬರೆದು ಕೊಟ್ಟರೆ ಅದರ ಮೇಲೆ ಭಾರ ಹಾಕುವುದು ಹೇಗೆ?

ಬೆಂಬಲದ ತಂಡದ ಬಗ್ಗೆ ದೂರಿಲ್ಲ. ಫೋನ್ ಎತ್ತುತ್ತಾರೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾರೆ. ಭಾವನೆಯ ಹೆಸರಿನ ಕಾಲಂ ಮರೆಮಾಡಿ ಎಂದಾಗ ಬೇಗ ಮಾಡಿಕೊಟ್ಟರು.

ಈಗ ನಮ್ಮಲ್ಲಿ ಹೀಗೆ ನಡೆಯುತ್ತಿದೆ. ಹೆಸರು ಕಾಣುವುದಿಲ್ಲ, ಗೆರೆ ಮಾತ್ರ. ಪಟ್ಟಿಯನ್ನು ಅವರವರ ದನಿಯಲ್ಲಾದ ಬದಲಾವಣೆಯ ಪ್ರಕಾರ ಜೋಡಿಸಿದ್ದೇವೆ, ದನಿ ಏರಿದರೂ ಸರಿ, ಒಮ್ಮೆಲೇ ಇಳಿದರೂ ಸರಿ. ಪ್ರತಿ ಶಿಫ್ಟ್‌ನಲ್ಲೂ ಬೂದು ಕರೆಗಳಿಂದ ಒಂದಷ್ಟನ್ನು ಕಣ್ಣುಮುಚ್ಚಿ ಆರಿಸಿ, ಆ ಭಾಷೆ ಬಲ್ಲವರೇ ಕೇಳುತ್ತಾರೆ. ಈ ಕೆಲಸಕ್ಕೆ ಬೇಕಾದ ಸಮಯವನ್ನು ಮೇಲಿನವರು ಒಪ್ಪಿ ಕೊಟ್ಟಿದ್ದಾರೆ. ಭಾಷೆಗೊಂದು, ಭಾವನೆಗೊಂದು ಅಂತ ಬಿಡಿಸಿದ ಫಲಿತಾಂಶವನ್ನು ಕಂಪನಿಯಿಂದ ಬರಹದಲ್ಲಿ ಕೇಳಿದ್ದೇನೆ, ಇನ್ನೂ ಬಂದಿಲ್ಲ. ಬಂದರೆ ಅದರ ಅಂಕಿಗಳನ್ನೂ ಇಲ್ಲೇ ಸೇರಿಸುತ್ತೇನೆ.